ಡೇಟಾಬೇಸ್ ಫೈಲ್ ಕೆಟ್ಟಾಗ: ಉಳಿಸಿಕೊಳ್ಳುವ 14 ಸೂತ್ರಗಳು

ಹಾಲು ಉತ್ಪಾದಕರ ಸಂಘದ ಲೆಕ್ಕ, ಊರ ಗ್ರಂಥಾಲಯದ ಪುಸ್ತಕಪಟ್ಟಿ, ದಂತವೈದ್ಯರ ಬಳಿಯ ರೋಗಿಗಳ ವಿವರ, ಸಣ್ಣ ಪತ್ರಿಕೆಯ ಚಂದಾದಾರರ ವಿಳಾಸ. ವರ್ಷಗಟ್ಟಲೆ ಕೂತು ತುಂಬಿಸಿದ ಇಂಥ ಮಾಹಿತಿ ಅನೇಕ ಕಡೆ ಒಂದೇ ಫೈಲ್‌ನಲ್ಲಿ ಇರುತ್ತದೆ. ಬ್ಯಾಂಕಿನ ಡೇಟಾಬೇಸ್ ಕಾಯಲು ಒಂದು ತಂಡವೇ ಇದೆ. ಈ ಸಣ್ಣ ಫೈಲ್‌ಗೆ ನೀವೊಬ್ಬರೇ ದಿಕ್ಕು. ಅದು ಎಸ್‌ಕ್ಯೂಲೈಟ್ ಆಗಿರಬಹುದು, ಮೈಎಸ್‌ಕ್ಯೂಎಲ್ ಆಗಿರಬಹುದು, ಮೈಕ್ರೋಸಾಫ್ಟ್ ಆ್ಯಕ್ಸೆಸ್ ಆಗಿರಬಹುದು. ಇಲ್ಲಿ ಎಸ್‌ಕ್ಯೂಲೈಟ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಡಿ. ರಿಚರ್ಡ್ ಹಿಪ್ 2000ನೇ ಇಸವಿಯಲ್ಲಿ ಹೊರತಂದ ಈ ತಂತ್ರಾಂಶ ಇಂದು ಪ್ರತಿ ಆಂಡ್ರಾಯ್ಡ್ ಫೋನ್‌ನಲ್ಲೂ ಐಫೋನ್‌ನಲ್ಲೂ ಇದೆ, ಸಣ್ಣ ಕಚೇರಿಗಳ ಎಷ್ಟೋ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲೂ ಇದೆ.

ಇದನ್ನು ಓದುತ್ತಿರುವವರಲ್ಲಿ ಕೆಲವರ ಫೈಲ್ ಈಗಾಗಲೇ ಕೆಟ್ಟಿರುತ್ತದೆ. ಹಾಗಾಗಿ ದುರಸ್ತಿಯ ಮಾತು ಮೊದಲು, ಬ್ಯಾಕಪ್‌ನ ಮಾತು ಆಮೇಲೆ.

1. ತಪ್ಪು ಸಂದೇಶ ಕಂಡ ಕೂಡಲೇ ಕೈ ತೆಗೆಯಿರಿ.

"ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್" ಎಂದು ಎಸ್‌ಕ್ಯೂಲೈಟ್ ಹೇಳಬಹುದು. "ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್" ಎಂದು ಆ್ಯಕ್ಸೆಸ್ ಹೇಳಬಹುದು. ಟೇಬಲ್ ಕ್ರ್ಯಾಶ್ ಆಗಿದೆ, ರಿಪೇರಿ ಮಾಡಿ ಎಂದು ಮೈಎಸ್‌ಕ್ಯೂಎಲ್ ಹೇಳಬಹುದು. ಏನೇ ಹೇಳಲಿ, ಆ ಫೈಲ್ ತೆರೆದಿರುವ ಎಲ್ಲ ಕಂಪ್ಯೂಟರ್‌ಗಳಲ್ಲೂ ಪ್ರೋಗ್ರಾಂ ಮುಚ್ಚಿಸಿ. ಮತ್ತೆ ಮತ್ತೆ ತೆರೆದು ನೋಡಬೇಡಿ, ರಿಪೇರಿ ಬಟನ್ ಒತ್ತಬೇಡಿ, ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ. ಚೆಕ್‌ಡಿಸ್ಕ್ ಡಿಸ್ಕಿನ ವ್ಯವಸ್ಥೆಯನ್ನು ನೇರ ಮಾಡುತ್ತದೆ. ಆ ಭರದಲ್ಲಿ ನಿಮ್ಮ ಫೈಲ್‌ನ ತುಂಡೊಂದು ಕತ್ತರಿಸಿಹೋದರೆ ಅದಕ್ಕೆ ಚಿಂತೆಯಿಲ್ಲ. ಕೆಟ್ಟ ಫೈಲ್‌ನಿಂದ ಆದ ನಷ್ಟಕ್ಕಿಂತ, ಅದನ್ನು ಸರಿಮಾಡುವ ಆತುರದಿಂದ ಆದ ನಷ್ಟ ದೊಡ್ಡದಾಗಬಲ್ಲದು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತೇ ಇದು.

2. ಕೆಟ್ಟ ಫೈಲ್‌ಗೂ ನಕಲು ಬೇಕು, ಅದರ ಒಡನಾಡಿ ಫೈಲ್‌ಗಳ ಸಮೇತ.

ಎಸ್‌ಕ್ಯೂಲೈಟ್ ಫೈಲ್‌ನ ಪಕ್ಕದಲ್ಲಿ ಅದೇ ಹೆಸರಿಗೆ "ಜರ್ನಲ್" ಅಥವಾ "ವಾಲ್" ಎಂಬ ಬಾಲ ಅಂಟಿಸಿದ ಫೈಲ್ ಇದೆಯೇ ನೋಡಿ. ಜಾಗ ಉಳಿಸೋಣವೆಂದು ಇವನ್ನು ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಎಂಟ್ರಿ ಬರೆಯುವ ಮಧ್ಯೆ ಕರೆಂಟ್ ಹೋದರೆ, ಬರೆಯಲು ಹೊರಟ ಪುಟದಲ್ಲಿ (ಡೇಟಾಬೇಸ್ ಫೈಲ್ ಸಮ ಗಾತ್ರದ ಪುಟಗಳಾಗಿ ವಿಂಗಡವಾಗಿರುತ್ತದೆ) ಬದಲಾಗುವ ಮೊದಲು ಏನಿತ್ತು ಎಂಬುದು ಜರ್ನಲ್ ಫೈಲ್‌ನಲ್ಲಿರುತ್ತದೆ. ಮುಂದಿನ ಸಲ ತೆರೆದಾಗ ಎಸ್‌ಕ್ಯೂಲೈಟ್ ಅದನ್ನು ಓದಿ ತಾನೇ ಸರಿಹೋಗುತ್ತದೆ. ಜರ್ನಲ್ ಇಲ್ಲದಿದ್ದರೆ ಅರ್ಧ ಬರೆದ ಪುಟವೇ ಗತಿ. ವಾಲ್ ಫೈಲ್‌ನದು ಇನ್ನೂ ಹೆಚ್ಚಿನ ಮಹತ್ವ: ಸೇವ್ ಆಗಿದೆ ಎಂದು ನೀವು ನಂಬಿದ ಹೊಸ ಎಂಟ್ರಿಗಳು ಮುಖ್ಯ ಫೈಲ್‌ಗೆ ಸೇರದೆ ಅದರಲ್ಲೇ ಕಾದಿರಬಹುದು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪ್ರೋಗ್ರಾಂ ಮುಚ್ಚದೆ ತೆರೆದೇ ಇದ್ದರೆ ಸುಮಾರು ಸಾವಿರ ಪುಟ ತುಂಬಿದ ಮೇಲಷ್ಟೇ ಅವನ್ನು ಮುಖ್ಯ ಫೈಲ್‌ಗೆ ಸೇರಿಸುವ ಕೆಲಸ ತಾನಾಗಿ ಶುರುವಾಗುತ್ತದೆ. ಒಂದು ಪುಟ 4096 ಬೈಟ್ ಎಂದರೆ ಸುಮಾರು ನಾಲ್ಕು ಎಂಬಿ. ಸಣ್ಣ ಕಚೇರಿಯಲ್ಲಿ ಅದು ಎಷ್ಟೋ ದಿನಗಳ ದುಡಿಮೆ ಆಗಿರಬಹುದು.

ಹಾಗಾಗಿ ಇಡೀ ಫೋಲ್ಡರನ್ನೇ ಬೇರೆ ಡಿಸ್ಕಿಗೆ ನಕಲಿಸಿ. ಫೈಲ್‌ಗಳ ಹೆಸರು ಬದಲಿಸಬೇಡಿ, ಹೆಸರು ಹೊಂದಿದರೆ ಮಾತ್ರ ಅವು ಒಂದನ್ನೊಂದು ಗುರುತಿಸುವುದು. ಎರಡು ನಕಲು ಮಾಡಿ, ಒಂದನ್ನು ರೀಡ್ ಓನ್ಲಿ ಮಾಡಿ ಎತ್ತಿಡಿ, ಇನ್ನೊಂದರ ಮೇಲೆ ಕೆಲಸ ಮಾಡಿ. ಡಿಸ್ಕೇ ಕಟಕಟ ಸದ್ದು ಮಾಡುತ್ತಿದ್ದರೆ ಮಾಮೂಲಿ ಕಾಪಿ ಪೇಸ್ಟ್ ಬೇಡ. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲು ಸಲೀಸಾಗಿ ಸಿಗುವ ಭಾಗವನ್ನೆಲ್ಲ ಓದಿಕೊಂಡು, ಹಾಳಾದ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ. ಅಂಥ ಡಿಸ್ಕಿನ ಮುಂದಿರುವ ಆಯುಷ್ಯ ಎಷ್ಟೆಂದು ಹೇಳಲಾಗದು, ಆದ್ದರಿಂದ ಈ ಕ್ರಮವೇ ಸರಿ.

3. ಕೆಟ್ಟಿರುವುದು ಫೈಲೇನಾ, ಖಚಿತಪಡಿಸಿಕೊಳ್ಳಿ.

ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ಕನ್ನಡದ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿಯಾಗುವುದು ಸಹಜ. ಅದು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ತುಂಬಿಸಿದ ಮಾಹಿತಿ ಆಗಿರಬಹುದು. ಆ ಫಾಂಟ್ ಹಾಕಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಫೈಲ್‌ಗೆ ಏನೂ ಆಗಿಲ್ಲ.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮ. ಎಸ್‌ಕ್ಯೂಲೈಟ್‌ಗೆ ಫೈಲ್‌ನ ಹೆಸರನ್ನು ತಪ್ಪಾಗಿ ಕೊಟ್ಟರೆ ಅದು ದೂರುವುದಿಲ್ಲ, ಆ ಹೆಸರಿನಲ್ಲಿ ಹೊಸ ಖಾಲಿ ಡೇಟಾಬೇಸ್ ಶುರುಮಾಡುತ್ತದೆ. "ಎಲ್ಲ ಟೇಬಲ್ಲೂ ಮಾಯವಾಗಿದೆ" ಎಂಬ ದೂರಿನ ಹಿಂದೆ ಇದೂ ಇರಬಹುದು. ಫೈಲ್ ಎಲ್ಲಿದೆ, ಅದರ ಗಾತ್ರ ಎಷ್ಟು, ಕೊನೆಗೆ ಬದಲಾದ ದಿನಾಂಕ ಯಾವುದು ಎಂದು ಮೊದಲು ನೋಡಿ. ಡಿಸ್ಕಿನಲ್ಲಿ ಜಾಗ ತುಂಬಿ ಬರೆಯಲಾಗದೆ ನಿಂತಿದೆಯೇ ಎಂದೂ ನೋಡಿ.

ಗಾತ್ರ ಸರಿಯಿದ್ದೂ ತೆರೆಯದಿದ್ದರೆ, ಹೆಕ್ಸ್ ಎಡಿಟರ್‌ನಲ್ಲಿ ನಕಲಿನ ಮೊದಲ 16 ಬೈಟ್ ನೋಡಿ. ಸರಿಯಾದ ಎಸ್‌ಕ್ಯೂಲೈಟ್ ಫೈಲ್ "ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3" ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಅಲ್ಲಿ ಬೇರೇನೋ ಇದ್ದರೆ ಅದು ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಆದ ಫೈಲ್ ಇರಬಹುದು, ಇಲ್ಲವೇ ಮೇಲೆ ಮತ್ತೇನನ್ನೋ ಬರೆದು ಹೋಗಿರಬಹುದು. ಬರೀ ಸೊನ್ನೆಗಳಿದ್ದರೆ ಡಿಸ್ಕಿನ ಮೇಲೆ ಅನುಮಾನ ಪಡಿ.

4. ಎಷ್ಟು ಕೆಟ್ಟಿದೆ ಎಂದು ಅಳೆಯಿರಿ.

ಎಸ್‌ಕ್ಯೂಲೈಟ್‌ನ ಇಂಟೆಗ್ರಿಟಿ ಚೆಕ್ ಎಂಬ ಪ್ರಾಗ್ಮಾ ಆದೇಶವನ್ನು ಕೆಲಸದ ನಕಲಿನ ಮೇಲೆ ಓಡಿಸಿ. ಇಂತಿಂಥ ಸಾಲು ಇಂಡೆಕ್ಸ್‌ನಲ್ಲಿ ಇಲ್ಲ ಎಂದಷ್ಟೇ ದೂರಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ಮಾಹಿತಿ ಹಾಗೇ ಇದೆ, ಹುಡುಕಾಟದ ಪಟ್ಟಿ ಮಾತ್ರ ತಪ್ಪಿದೆ. ರೀಇಂಡೆಕ್ಸ್ ಎಂಬ ಒಂದೇ ಆದೇಶದಿಂದ ಅದು ಸರಿಹೋಗುತ್ತದೆ. ಪುಟಗಳ ಬಗ್ಗೆಯೇ ದೂರು ಬಂದರೆ ಮುಂದಿನ ಸೂತ್ರಕ್ಕೆ ಬನ್ನಿ.

5. ರಿಪೇರಿಗಿಂತ ರಿಸ್ಟೋರ್ ಮೇಲು.

ಒಳ್ಳೆಯ ಬ್ಯಾಕಪ್ ಇದ್ದರೆ ಕೆಟ್ಟ ಫೈಲ್‌ನ ರಿಪೇರಿಗೆ ದಿನಗಟ್ಟಲೆ ಕೂರಬೇಡಿ. ಕೊನೆಯ ಒಳ್ಳೆಯ ಬ್ಯಾಕಪ್ ತನ್ನಿ, ಅದರ ಇಂಟೆಗ್ರಿಟಿ ಪರೀಕ್ಷಿಸಿ, ಅದನ್ನೇ ಬುನಾದಿ ಮಾಡಿಕೊಳ್ಳಿ. ಆಮೇಲೆ ಉಳಿಯುವ ಪ್ರಶ್ನೆ ಒಂದೇ: ಬ್ಯಾಕಪ್ ಆದ ದಿನದಿಂದ ಇಂದಿನವರೆಗಿನ ಎಂಟ್ರಿಗಳು. ಅವು ರಸೀದಿ ಪುಸ್ತಕದಲ್ಲಿರಬಹುದು, ಎಸ್‌ಎಂಎಸ್‌ಗಳಲ್ಲಿರಬಹುದು. ಕೆಟ್ಟ ಫೈಲ್‌ನಿಂದ ಹೊರತೆಗೆದ ಸಾಲುಗಳಲ್ಲೂ ಸಿಗಬಹುದು. ಹಾಗೆ ಸಿಕ್ಕರೆ ಅಟ್ಯಾಚ್ ಆದೇಶದಿಂದ ಎರಡು ಡೇಟಾಬೇಸ್‌ಗಳನ್ನು ಒಟ್ಟಿಗೆ ತೆರೆದು, ಬ್ಯಾಕಪ್‌ನ ಕೊನೆಯ ಕ್ರಮಸಂಖ್ಯೆಯಿಂದ ಆಚೆಗಿನ ಸಾಲುಗಳನ್ನು ಮಾತ್ರ ಸೇರಿಸಿಕೊಳ್ಳಿ. ಒಂದು ಎಚ್ಚರ: ಹಳೆಯ ಸಾಲುಗಳಲ್ಲಿ ಈಚೆಗೆ ತಿದ್ದಿದವು ಈ ಜರಡಿಯಲ್ಲಿ ಸಿಗುವುದಿಲ್ಲ. ಬಾಕಿ ಮೊತ್ತ, ಫೋನ್ ನಂಬರ್, ವಿಳಾಸ ಇಂಥವನ್ನು ಬೇರೆಯಾಗಿ ಹೋಲಿಸಬೇಕು.

ಬ್ಯಾಕಪ್ ಫೈಲನ್ನು ಹಳೆಯ ಜಾಗಕ್ಕೆ ಹಾಕುವ ಮೊದಲು ಅಲ್ಲಿರುವ ಹಳೆಯ ಜರ್ನಲ್, ವಾಲ್ ಫೈಲ್‌ಗಳನ್ನು ತೆಗೆದು ಪಕ್ಕಕ್ಕಿಡಿ. ಇಲ್ಲದಿದ್ದರೆ ಕೆಟ್ಟ ಫೈಲ್‌ಗೆ ಸೇರಿದ ಬದಲಾವಣೆಗಳು ಒಳ್ಳೆಯ ಬ್ಯಾಕಪ್‌ಗೆ ಅಂಟಿಕೊಂಡು ಅದೂ ಕೆಡಬಹುದು. ಎಲ್ಲವನ್ನೂ ಸರಿಯಾಗಿ ಮಾಡಿದವರು ಎಡವುವ ಜಾಗ ಇದು.

6. ಬ್ಯಾಕಪ್ಪೇ ಇಲ್ಲದಿದ್ದರೆ, ಸಾಲು ಸಾಲಾಗಿ ಹೊರತೆಗೆಯಿರಿ.

ಎಸ್‌ಕ್ಯೂಲೈಟ್‌ನ ಕಮಾಂಡ್ ಲೈನ್ ತಂತ್ರಾಂಶದಲ್ಲಿ 2019ರ 3.29 ಆವೃತ್ತಿಯಿಂದ "ಡಾಟ್ ರಿಕವರ್" ಎಂಬ ಆದೇಶವಿದೆ. ಅದು ಪುಟಗಳನ್ನು ಒಂದೊಂದಾಗಿ ತಡಕಿ, ಸಿಕ್ಕಿದ ಸಾಲುಗಳಿಂದ ಹೊಸ ಡೇಟಾಬೇಸ್ ಕಟ್ಟಲು ಬೇಕಾದ ಎಸ್‌ಕ್ಯೂಎಲ್ ಬರೆದುಕೊಡುತ್ತದೆ. ಯಾವ ಟೇಬಲ್‌ಗೆ ಸೇರಿದ್ದೆಂದು ತಿಳಿಯದ ಸಾಲುಗಳು "ಲಾಸ್ಟ್ ಆ್ಯಂಡ್ ಫೌಂಡ್" ಎಂಬ ಟೇಬಲ್‌ಗೆ ಬೀಳುತ್ತವೆ. ಅವನ್ನು ಕಣ್ಣಾರೆ ನೋಡಿ ವಿಂಗಡಿಸಬೇಕು. ಹಿಂದೆಂದೋ ಅಳಿಸಿದ ಸಾಲುಗಳೂ ಕೆಲವೊಮ್ಮೆ ಎದ್ದು ಬರುತ್ತವೆ ಎಂಬುದು ನೆನಪಿರಲಿ. ಹಳೆಯ ಆವೃತ್ತಿಯಿದ್ದರೆ, ಮಾಹಿತಿಯನ್ನೆಲ್ಲ ಎಸ್‌ಕ್ಯೂಎಲ್ ಪಠ್ಯವಾಗಿ ಹೊರಹಾಕುವ "ಡಾಟ್ ಡಂಪ್" ಇದೆ. ದೋಷ ಕಂಡರೆ ಆ ಡಂಪ್‌ನ ಕೊನೆಯಲ್ಲಿ ಕಮಿಟ್ ಬದಲು ರೋಲ್‌ಬ್ಯಾಕ್ ಎಂದು ಇರುತ್ತದೆ. ಅದನ್ನು ಗಮನಿಸದೆ ಲೋಡ್ ಮಾಡಿದವರಿಗೆ ಖಾಲಿ ಡೇಟಾಬೇಸ್ ಸಿಗುತ್ತದೆ. ಕೊನೆಯ ಸಾಲನ್ನು ಕಮಿಟ್ ಎಂದು ತಿದ್ದಿ ಲೋಡ್ ಮಾಡಿ.

ಆ್ಯಕ್ಸೆಸ್‌ಗೆ ಕಾಂಪ್ಯಾಕ್ಟ್ ಆ್ಯಂಡ್ ರಿಪೇರಿ ಇದೆ, ಆದರೆ ಓದಲಾಗದ ಸಾಲುಗಳನ್ನು ಅದು ಬಿಟ್ಟುಬಿಡಬಹುದು. ಹೊಸ ಖಾಲಿ ಫೈಲ್ ತೆರೆದು ಟೇಬಲ್‌ಗಳನ್ನು ಒಂದೊಂದಾಗಿ ಇಂಪೋರ್ಟ್ ಮಾಡುವುದೂ ಫಲ ಕೊಡುತ್ತದೆ. ಆ್ಯಕ್ಸೆಸ್ ಫೈಲ್‌ಗೆ 2 ಜಿಬಿ ಮಿತಿಯಿದೆ, ಫೈಲ್ ಅದರ ಹತ್ತಿರ ಬಂದಿದೆಯೇ ಎಂದೂ ನೋಡಿ.

ಮೈಎಸ್‌ಕ್ಯೂಎಲ್‌ನ ಮಾಹಿತಿ ಸಂಗ್ರಹಿಸುವ ಎಂಜಿನ್ ಆದ ಇನ್ನೋಡಿಬಿ ಕೆಟ್ಟು ಸರ್ವರ್ ಏಳದಿದ್ದರೆ ಫೋರ್ಸ್ ರಿಕವರಿ ಎಂಬ ಸೆಟ್ಟಿಂಗ್ ಇದೆ, 1ರಿಂದ 6ರವರೆಗೆ. ಒಂದರಿಂದಲೇ ಶುರುಮಾಡಿ, ಸರ್ವರ್ ಎದ್ದ ಕೂಡಲೇ ಡಂಪ್ ತೆಗೆದು ಬೇರೆ ಕಡೆ ಹೊಸದಾಗಿ ಕಟ್ಟಿ. ನಾಲ್ಕು ಮತ್ತು ಅದಕ್ಕೆ ಮೇಲಿನ ಅಂಕಿಗಳು ಮಾಹಿತಿಯನ್ನು ಶಾಶ್ವತವಾಗಿ ಕೆಡಿಸಬಲ್ಲವು. ನೇರ 6ಕ್ಕೆ ಹಾಕಿ ಎಂಬ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

7. ತೆರೆಯಿತು ಎಂದರೆ ಉಳಿಯಿತು ಎಂದಲ್ಲ.

ಸಂಪೂರ್ಣ ಖಾಲಿಯಾದ ಎಸ್‌ಕ್ಯೂಲೈಟ್ ಫೈಲ್ ಕೂಡ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಓಕೆ ಎಂದೇ ಉತ್ತರ ಕೊಡುತ್ತದೆ. ಅದು ಕಟ್ಟಡದ ಗೋಡೆ ನೆಟ್ಟಗಿದೆಯೇ ಎಂದಷ್ಟೇ ನೋಡುತ್ತದೆ, ಒಳಗೆ ಜನ ಇದ್ದಾರೆಯೇ ಎಂದು ನೋಡುವುದಿಲ್ಲ. ಪ್ರತಿ ಟೇಬಲ್‌ನ ಸಾಲು ಎಣಿಸಿ. ಕಳೆದ ತಿಂಗಳ ಒಟ್ಟು ಮೊತ್ತವನ್ನು ಅಚ್ಚುಹಾಕಿದ ವರದಿಯೊಂದಿಗೆ ತಾಳೆ ನೋಡಿ. ಕ್ರಮಸಂಖ್ಯೆಗಳಲ್ಲಿ ಎಲ್ಲಿ ಸಾಲು ತಪ್ಪಿದೆ ಎಂದು ಹುಡುಕಿ. ಗ್ರಾಹಕರೇ ಇಲ್ಲದ ಬಿಲ್, ಸದಸ್ಯರೇ ಇಲ್ಲದ ಷೇರು ಹೀಗೆ ಕೊಂಡಿ ಕಳಚಿದವನ್ನು ಹಿಡಿಯಲು ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ಚೆಕ್ ಎಂಬ ಬೇರೆಯದೇ ಆದೇಶವಿದೆ. ಇದೆಲ್ಲ ಮುಗಿಯುವವರೆಗೂ ಹೊಸ ಎಂಟ್ರಿ ಕಾಗದದ ಮೇಲೆ ನಡೆಯಲಿ.

8. ಕಾರಣ ಸಿಗದೆ ಅದೇ ಜಾಗಕ್ಕೆ ಮರಳಬೇಡಿ.

ಹಾರ್ಡ್ ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ನೋಡಿ, ರ‍್ಯಾಮ್ ಪರೀಕ್ಷಿಸಿ. ಸರ್ವರ್ ಇಲ್ಲದೆ ಒಂದು ಫೈಲ್ ಆಗಿರುವ ಡೇಟಾಬೇಸನ್ನು ಆಫೀಸಿನ ಶೇರ್ಡ್ ಫೋಲ್ಡರ್‌ನಲ್ಲಿಟ್ಟು ನಾಲ್ಕು ಕಂಪ್ಯೂಟರ್‌ಗಳಿಂದ ತೆರೆಯುವುದು ದೊಡ್ಡ ಅಪಾಯ. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ ನೆಟ್‌ವರ್ಕ್ ಫೋಲ್ಡರ್‌ಗಳಲ್ಲಿ ಸದಾ ಸರಿಯಾಗಿ ಕೆಲಸ ಮಾಡುವುದಿಲ್ಲ. ವೈಫೈ ಮೇಲೆ ಆ್ಯಕ್ಸೆಸ್ ಫೈಲ್ ತೆರೆಯುವುದೂ ಅಷ್ಟೇ ಕೆಟ್ಟದ್ದು. ಅಷ್ಟು ಜನ ಬಳಸುವುದಾದರೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್‌ನಂಥ ಸರ್ವರ್‌ಗೆ ಹೋಗಿ.

ನಮ್ಮ ಊರುಗಳ ಮಟ್ಟಿಗೆ ಕರೆಂಟ್ ಮತ್ತು ಸಿಡಿಲಿನ ಮಾತೂ ಹೇಳಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹತ್ತು ಸಲ ಹೋಗಿ ಬರುವ ಕಡೆ ಯುಪಿಎಸ್ ಇಲ್ಲದೆ ಡೇಟಾಬೇಸ್ ನಡೆಸಬೇಡಿ. ಬ್ಯಾಕಪ್‌ನ ಡಿಸ್ಕ್, ಸಿಡಿಲಿನ ಹೊಡೆತಕ್ಕೆ ಅದೂ ಸಿಗದಂತೆ, ಕೆಲಸ ಮುಗಿದ ಮೇಲೆ ಕಂಪ್ಯೂಟರ್‌ಗೆ ಸಿಕ್ಕಿಸಿಕೊಂಡೇ ಇರಬಾರದು.

9. ತೆರೆದಿರುವ ಫೈಲನ್ನು ನಕಲಿಸುವುದು ಬ್ಯಾಕಪ್ ಅಲ್ಲ.

ಈಗ ಬ್ಯಾಕಪ್‌ಗೆ ಬರೋಣ. ನಕಲು ನಡೆಯುತ್ತಿರುವಾಗಲೇ ಯಾರಾದರೂ ಎಂಟ್ರಿ ಮಾಡಿದರೆ, ಫೈಲ್‌ನ ಮೊದಲರ್ಧ ಹಳೆಯದು, ಉಳಿದರ್ಧ ಹೊಸದು ಎಂಬಂತಾಗುತ್ತದೆ. ನೋಡಲು ಪೂರ್ತಿ ಫೈಲ್, ಒಳಗೆ ಹೊಂದಾಣಿಕೆ ಇಲ್ಲ. ಆಯಾ ತಂತ್ರಾಂಶ ಕೊಟ್ಟಿರುವ ದಾರಿಯನ್ನೇ ಹಿಡಿಯಿರಿ. ಎಸ್‌ಕ್ಯೂಲೈಟ್‌ನಲ್ಲಿ "ಡಾಟ್ ಬ್ಯಾಕಪ್" ಇದೆ, 2019ರಿಂದ "ವ್ಯಾಕ್ಯೂಮ್ ಇಂಟು" ಕೂಡ ಇದೆ. ಎರಡನ್ನೂ ಕೆಲಸ ನಡೆಯುತ್ತಿರುವಾಗಲೇ ಓಡಿಸಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿ ಟೇಬಲ್‌ಗಳಿದ್ದರೆ ಮೈಎಸ್‌ಕ್ಯೂಎಲ್ ಡಂಪ್‌ಗೆ ಸಿಂಗಲ್ ಟ್ರಾನ್ಸ್ಯಾಕ್ಷನ್ ಆಯ್ಕೆ ಸೇರಿಸಿ. ಸ್ಟೋರ್ಡ್ ಪ್ರೊಸೀಜರ್‌ಗಳಿದ್ದರೆ ರುಟೀನ್ಸ್ ಎಂಬ ಆಯ್ಕೆಯೂ ಬೇಕು, ಹೇಳದಿದ್ದರೆ ಅವು ಡಂಪ್‌ಗೆ ಬರುವುದಿಲ್ಲ. ಬೆಂಗಳೂರಲ್ಲೇ ಹುಟ್ಟಿದ ಲೆಕ್ಕದ ತಂತ್ರಾಂಶ ಟ್ಯಾಲಿಯ ಬಳಕೆದಾರರಲ್ಲಿ ಕಂಪನಿಯ ಲೆಕ್ಕ ತೆರೆದಿರುವಾಗಲೇ ಸಂಖ್ಯೆಯ ಹೆಸರಿನ ಅದರ ಫೋಲ್ಡರನ್ನು ಪೆನ್ ಡ್ರೈವ್‌ಗೆ ಎಳೆದು ಹಾಕುವವರಿದ್ದಾರೆ. ಅದರಲ್ಲೂ ತನ್ನದೇ ಬ್ಯಾಕಪ್ ಆಯ್ಕೆಯಿದೆ, ಅದನ್ನು ಬಳಸಿ.

10. ಸಿಂಕ್ ಬೇರೆ, ಬ್ಯಾಕಪ್ ಬೇರೆ.

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಫೋಲ್ಡರ್‌ನಲ್ಲಿ ಫೈಲ್ ಇದ್ದರೆ, ಇಲ್ಲಿ ಕೆಟ್ಟದ್ದು ಕೆಲವೇ ಕ್ಷಣಗಳಲ್ಲಿ ಅಲ್ಲೂ ಕೆಡುತ್ತದೆ. ಒಂದೇ ಮಾಹಿತಿಯನ್ನು ಎರಡು ಕಡೆ ಬರೆಯುವ ರೇಡ್ ಡಿಸ್ಕುಗಳ ಕಥೆಯೂ ಅದೇ: ಒಂದು ಡಿಸ್ಕ್ ಸತ್ತರೆ ಕಾಪಾಡುತ್ತವೆ, ತಪ್ಪು ಮಾಹಿತಿ ಬಂದರೆ ಎರಡರಲ್ಲೂ ಅದನ್ನೇ ನಿಷ್ಠೆಯಿಂದ ಬರೆಯುತ್ತವೆ. ನಡೆಯುತ್ತಿರುವ ಡೇಟಾಬೇಸನ್ನು ಸಿಂಕ್ ಫೋಲ್ಡರ್‌ನಲ್ಲಿ ಇಡಲೇಬೇಡಿ. ತೆಗೆದು ಮುಗಿದ ಬ್ಯಾಕಪ್ ಫೈಲನ್ನು ಬೇಕಾದರೆ ಅಲ್ಲಿಡಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಸಣ್ಣ ಕಚೇರಿಗೂ ಸಾಕು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ರಾನ್ಸಮ್‌ವೇರ್ ಸಿಕ್ಕಿಸಿಟ್ಟ ಡ್ರೈವ್‌ಗಳನ್ನೂ ಬಿಡದ ಈ ಕಾಲದಲ್ಲಿ, ಮೂರರಲ್ಲಿ ಒಂದಾದರೂ ತಂತಿಯ ಸಂಪರ್ಕವಿಲ್ಲದೆ ಬೀರುವಿನಲ್ಲಿರಲಿ.

11. ಒಂದೇ ಫೈಲ್ ಮೇಲೆ ಮತ್ತೆ ಮತ್ತೆ ಬರೆಯಬೇಡಿ.

ಡೇಟಾಬೇಸ್ ಕೆಡುವುದು ಸದ್ದಿಲ್ಲದೆ. ಮೂರು ವರ್ಷದ ಹಿಂದಿನ ರಸೀದಿಗಳಿರುವ ಪುಟ ಇವತ್ತು ಹಾಳಾದರೆ, ಮಾರ್ಚ್‌ನ ಆಡಿಟ್‌ಗಾಗಿ ಅದನ್ನು ಓದುವವರೆಗೂ ನಿಮಗೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ "ಬ್ಯಾಕಪ್" ಎಂಬ ಒಂದೇ ಹೆಸರಿನ ಫೈಲ್ ಮೇಲೆ ದಿನವೂ ಆ ಹಾಳಾದ ಪುಟವನ್ನೇ ಬರೆದಿರುತ್ತೀರಿ. ಹೆಸರಿನಲ್ಲೇ ದಿನಾಂಕ ಇರಲಿ. ದಿನದವು ಏಳು, ವಾರದವು ನಾಲ್ಕು, ತಿಂಗಳವು ಹನ್ನೆರಡು, ಒಟ್ಟು 23 ಪ್ರತಿ. ಡೇಟಾಬೇಸ್ 50 ಎಂಬಿ ಇದ್ದರೆ ಎಲ್ಲ ಸೇರಿ 1150 ಎಂಬಿ. ಇಂದಿನ ಯಾವ ಪೆನ್ ಡ್ರೈವ್‌ಗೂ ಅದು ಭಾರವಲ್ಲ. ಆಂಡ್ರಾಯ್ಡ್ ಫೋನ್‌ನಲ್ಲಿ ವಾಟ್ಸ್ಆ್ಯಪ್ ಕೂಡ ತನ್ನ ಸ್ಥಳೀಯ ಬ್ಯಾಕಪ್‌ನ ಏಳು ದಿನದ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ.

12. ಬ್ಯಾಕಪ್‌ನಲ್ಲಿ ಕನ್ನಡ ಉಳಿದಿದೆಯೇ ನೋಡಿ.

ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಈ ಎಚ್ಚರಿಕೆಯನ್ನು ಒತ್ತಿ ಹೇಳುವುದು ಕಡಿಮೆ, ನಮಗೋ ಇದು ಪ್ರಾಣದ ಪ್ರಶ್ನೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. ಡಂಪ್ ತೆಗೆಯುವಾಗಲೋ ಲೋಡ್ ಮಾಡುವಾಗಲೋ ಲ್ಯಾಟಿನ್ ಒಂದು ಎಂಬ ಸೆಟ್ಟಿಂಗ್ ಇದ್ದರೆ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ವಿಚಿತ್ರ ಅಕ್ಷರಗಳಾಗಿ ಕಂಡರೆ ಹಿಂದಿರುಗಿಸಲು ದಾರಿ ಇರುತ್ತದೆ. ಫೈಲ್‌ನೊಳಗೇ ಪ್ರಶ್ನಾರ್ಥಕ ಚಿಹ್ನೆ ಕೂತಿದ್ದರೆ ಮೂಲ ಅಕ್ಷರ ಹೋದಂತೆಯೇ. ಯಾವ ತಜ್ಞರೂ ತರಲಾರರು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್, ಸಂಪರ್ಕ, ಡಂಪ್ ಮೂರರಲ್ಲೂ ಯುಟಿಎಫ್8ಎಂಬಿ4 ಇರಲಿ. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಡಂಪನ್ನು ಬಾಣದ ಗುರುತಿನಿಂದ ಫೈಲ್‌ಗೆ ಹಾಯಿಸಿದರೆ ಅದು ಯುಟಿಎಫ್-16ಕ್ಕೆ ಬದಲಾಗುತ್ತದೆ. ಹಾಗಾಗಿ ಫೈಲ್‌ನ ಹೆಸರನ್ನು ಡಂಪ್ ತಂತ್ರಾಂಶಕ್ಕೇ ಕೊಡಿ. ಬಂದ ಡಂಪನ್ನು ತೆರೆದು ಒತ್ತಕ್ಷರ ಇರುವ ನಾಲ್ಕು ಹೆಸರು ಹುಡುಕಿ ನೋಡಿ: ಲಕ್ಷ್ಮಮ್ಮ, ಕೃಷ್ಣಪ್ಪ, ಜ್ಯೋತ್ಸ್ನಾ, ವಿಶ್ವೇಶ್ವರಯ್ಯ. ಜೊತೆಗೆ ಕೊನೆಯ ಸಾಲನ್ನೂ ನೋಡಿ. ಮೈಎಸ್‌ಕ್ಯೂಎಲ್ ಡಂಪ್ ಪೂರ್ತಿಯಾದರೆ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ, "ಡಂಪ್ ಕಂಪ್ಲೀಟೆಡ್" ಎಂಬ ಸಾಲಿನಿಂದ ಮುಗಿಯುತ್ತದೆ. ಅದಿಲ್ಲದಿದ್ದರೆ ನಡುವೆ ಎಲ್ಲೋ ನಿಂತಿದೆ ಎಂದೇ ತಿಳಿಯಿರಿ.

13. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದು ಸಣ್ಣವರ ಸಮಸ್ಯೆ ಮಾತ್ರ ಅಲ್ಲ. 2017ರ ಜನವರಿ 31ರಂದು, ತಂತ್ರಾಂಶಗಳ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ನಕಲು ಸರ್ವರ್‌ನದೆಂದು ತಿಳಿದು ಮುಖ್ಯ ಸರ್ವರ್‌ನ ಡೇಟಾಬೇಸ್ ಫೋಲ್ಡರನ್ನೇ ಅಳಿಸತೊಡಗಿದರು. ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ, ಇರಬೇಕಾದ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆಗಿದ್ದರೆ ಡಂಪ್ ತೆಗೆಯುತ್ತಿದ್ದ ತಂತ್ರಾಂಶ 9.2ರದ್ದು. ಹಾಗಾಗಿ ಡಂಪ್ ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ದೃಢೀಕರಣದ ಸಹಿ ಇಲ್ಲವೆಂದು ತಿರಸ್ಕೃತವಾಗಿ ಯಾರನ್ನೂ ಮುಟ್ಟಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಅವರನ್ನು ಕಾಪಾಡಿತು. ಆ ಆರು ಗಂಟೆಗಳ ಮಾಹಿತಿ ಹೋಯಿತು. ಇದೆಲ್ಲವನ್ನೂ ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿತು. ಅದಕ್ಕಾಗಿ ಅವರಿಗೆ ನಾವೆಲ್ಲ ಋಣಿಗಳು.

ತಿಂಗಳಿಗೊಮ್ಮೆ ನಿಮ್ಮ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಏಳನೆಯ ಸೂತ್ರದ ಎಣಿಕೆಯನ್ನೆಲ್ಲ ಅದರ ಮೇಲೆ ನಡೆಸಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಮುಂದೆ ನಿಜವಾಗಿ ಫೈಲ್ ಕೆಟ್ಟ ದಿನ ಕಾಯುತ್ತಿರುವ ಜನರಿಗೆ ಒಂದು ಸಮಯ ಹೇಳಲು ಬರುತ್ತದೆ.

14. ವಿಧಾನವನ್ನು ಕಾಗದದ ಮೇಲೆ ಬರೆಯಿರಿ, ಇನ್ನೊಬ್ಬರಿಗೂ ಕಲಿಸಿ.

ಬ್ಯಾಕಪ್ ಎಲ್ಲಿದೆ, ಯಾವ ಆದೇಶದಿಂದ ತೆರೆಯಬೇಕು, ತಂತ್ರಾಂಶದ ಆವೃತ್ತಿ ಯಾವುದು ಎಂಬುದೆಲ್ಲ ಒಂದು ಹಾಳೆಯಲ್ಲಿರಲಿ. ಕೆಟ್ಟ ಕಂಪ್ಯೂಟರ್‌ನೊಳಗೇ ಉಳಿದ ಟಿಪ್ಪಣಿ ಅಂದು ಉಪಯೋಗಕ್ಕೆ ಬರುವುದಿಲ್ಲ. ರೋಗಿಗಳ, ಸದಸ್ಯರ ವೈಯಕ್ತಿಕ ವಿವರ ಇರುವ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡಿಡಿ. ಇಂಥ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಟ್ಟುಕೊಂಡವರ ಮೇಲೇ ಹೊರಿಸುತ್ತದೆ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್‌ನ ಪಾಸ್‌ವರ್ಡ್ ನೀವಲ್ಲದೆ ಇನ್ನೊಬ್ಬ ನಂಬಿಕಸ್ಥರಿಗೂ ಸಿಗುವಂತಿರಲಿ, ಪಾಸ್‌ವರ್ಡ್ ಕಳೆದುಹೋದರೆ ಒಳ್ಳೆಯ ಬ್ಯಾಕಪ್ಪೂ ತೆರೆಯದು. ಹಾಳೆ ಬರೆದಾದ ಮೇಲೆ ಅದನ್ನು ಕಚೇರಿಯ ಇನ್ನೊಬ್ಬರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ, ಒಂದು ರಿಸ್ಟೋರ್ ಮಾಡಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಹಾಳೆಯನ್ನು ತಿದ್ದಿ. ಈ ವಾರವೇ ಮಾಡಿಸಿ.